ವೈದ್ಯರು ರಾಜಕೀಯಕ್ಕೆ ಬಂದರೆ ಊರಿಗೇನು ಲಾಭ?

ಮಳೆಗಾಲದ ಮೊದಲ ಎರಡು ವಾರ ಕಲಬುರಗಿಯ ಯಾವುದೇ ಮಕ್ಕಳ ಡಾಕ್ಟರರ ದವಾಖಾನೆಯಲ್ಲಿ ಒಂದು ಗಂಟೆ ಕುಳಿತು ನೋಡಿ. ಬೆಂಚಿನ ಮೇಲೆ ಸಾಲಾಗಿ ತಾಯಂದಿರು, ಅವರ ತೊಡೆಯ ಮೇಲೆ ಬಾಡಿದ ಮುಖದ ಮಕ್ಕಳು. ವಾಂತಿ, ಭೇದಿ, ಜ್ವರ. ಮೂರೂ ಮಾತು ಎಲ್ಲರ ಬಾಯಲ್ಲೂ ಒಂದೇ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ದಿನ ಕೋಟೆಯ ಕಡೆಯ ಓಣಿಯೊಂದರಿಂದ ಒಬ್ಬ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದರು. ಮಗುವಿಗೆ ನಾಲ್ಕು ವರ್ಷ. ಸತತ ಮೂರನೆಯ ಮಳೆಗಾಲ ಅದೇ ಮಗು, ಅದೇ ಕಾಯಿಲೆ. ಓ.ಆರ್.ಎಸ್. ಪುಡಿ ಮತ್ತು ಸತುವಿನ ಮಾತ್ರೆ ಬರೆದು ಚೀಟಿ ಕೊಟ್ಟೆ. ಅಜ್ಜಿ ಚೀಟಿ ಮಡಿಚಿಟ್ಟುಕೊಂಡು ಹೇಳಿದರು: “ಹೋದ ವರ್ಷನೂ ಇದೇ ಬರ್ದಿದ್ರಿ ಡಾಕ್ಟರ್ ಸಾಹೇಬ್ರ. ಔಷಧ ಛಲೋನೇ ಅದರಿ. ಆದ್ರ ನೀರು ಅವೇ ಅಲ್ರಿ?”

ನನ್ನ ಬಳಿ ಉತ್ತರವಿರಲಿಲ್ಲ. ಅಜ್ಜಿಯ ಪ್ರಶ್ನೆಗೆ ಉತ್ತರ ಔಷಧದ ಅಂಗಡಿಯಲ್ಲಿ ಸಿಗುವುದಿಲ್ಲ. ನಳದ ಪೈಪು ಗಟಾರದೊಳಗಿಂದ ಹಾದುಹೋಗಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ಡಾಕ್ಟರಲ್ಲ, ನಾವು ನೀವು ಓಟು ಹಾಕಿ ಆರಿಸಿದವರು. ಆದ್ದರಿಂದ ಈ ವಾರ ಕಾಯಿಲೆಯ ಬದಲು ರಾಜಕೀಯದ ಬಗ್ಗೆ ಬರೆಯುತ್ತಿದ್ದೇನೆ. ಆರೋಗ್ಯದ ಅಂಕಣದಲ್ಲಿ ಇದೇಕೆ ಎಂದು ಹುಬ್ಬೇರಿಸಬೇಡಿ. ಎರಡೂ ಒಂದೇ ವಿಷಯ ಎಂದು ನೂರೆಪ್ಪತ್ತು ವರ್ಷಗಳಿಗೂ ಹಿಂದೆಯೇ ವಾದಿಸಿದ ಒಬ್ಬ ಜರ್ಮನ್ ಪ್ರೊಫೆಸರರಿದ್ದರು. ಅವರ ಕಥೆ ನಮ್ಮ ಊರಿಗೆ ಬೇಕಾದ ಕಥೆ.

ನಮ್ಮಲ್ಲೂ ಡಾಕ್ಟರರಿದ್ದಾರೆ

ವೈದ್ಯಕೀಯ ಓದಿದವರು ರಾಜಕೀಯಕ್ಕೆ ಬರುವುದು ನಮ್ಮ ಭಾಗಕ್ಕೆ ಹೊಸದಲ್ಲ. ಸೇಡಂನ ಡಾ. ಶರಣಪ್ರಕಾಶ ಪಾಟೀಲರು 2013ರಿಂದ 2018ರವರೆಗೆ ವೈದ್ಯಕೀಯ ಶಿಕ್ಷಣ ಸಚಿವರಾಗಿದ್ದರು, 2023ರಲ್ಲಿ ಮತ್ತೆ ಅದೇ ಖಾತೆ ವಹಿಸಿಕೊಂಡರು. ಶಸ್ತ್ರಚಿಕಿತ್ಸಕರಾದ ಡಾ. ಉಮೇಶ ಜಾಧವ ಅವರು ಚಿಂಚೋಳಿಯ ಶಾಸಕರಾಗಿ, ಬಳಿಕ 2019ರಿಂದ 2024ರವರೆಗೆ ಕಲಬುರಗಿಯ ಸಂಸದರಾಗಿದ್ದರು. ದಕ್ಷಿಣಕ್ಕೆ ಹೋದರೆ, ಜಯದೇವ ಹೃದ್ರೋಗ ಸಂಸ್ಥೆಯನ್ನು ಬಹುಕಾಲ ನಡೆಸಿದ ಡಾ. ಸಿ.ಎನ್. ಮಂಜುನಾಥ್ ಅವರು ನಿವೃತ್ತರಾದ ವರ್ಷವೇ, ಅಂದರೆ 2024ರಲ್ಲಿ, ಬೆಂಗಳೂರು ಗ್ರಾಮಾಂತರದಿಂದ ಲೋಕಸಭೆಗೆ ಆಯ್ಕೆಯಾದರು. ಪಕ್ಷಗಳು ಬೇರೆ ಬೇರೆ. ಅದು ಇಲ್ಲಿ ಮುಖ್ಯವಲ್ಲ.

ಡಾಕ್ಟರರು ಅಭ್ಯರ್ಥಿಯಾದರೆ ಜನ ಸಂತೋಷಪಡುತ್ತಾರೆ. “ಓದಿದವರು, ನಾಡಿ ಹಿಡಿದವರು, ನಮ್ಮ ಕಷ್ಟ ಗೊತ್ತಿರುವವರು” ಎನ್ನುತ್ತಾರೆ. ಈ ನಂಬಿಕೆ ಸರಿಯೇ. ಆದರೆ ಅವರಿಂದ ನಾವು ಕೇಳುವುದು ಏನನ್ನು? ಹೆಚ್ಚಾಗಿ ಒಂದೇ: ಆಸ್ಪತ್ರೆ. ಕೇಳಿದರೆ ಆಸ್ಪತ್ರೆ ಬರುತ್ತದೆ ಕೂಡ. ಆದರೆ ವೈದ್ಯನೊಬ್ಬ ಅಧಿಕಾರಕ್ಕೆ ತರಬಹುದಾದ ಅತಿ ದೊಡ್ಡ ಲಾಭ ಆಸ್ಪತ್ರೆಯಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೇಕೆಂದು ತಿಳಿಯಲು ಆ ಜರ್ಮನ್ ಪ್ರೊಫೆಸರರ ಬಳಿಗೆ ಹೋಗೋಣ.

ಜ್ವರಕ್ಕೆ ಸ್ವರಾಜ್ಯದ ಮದ್ದು

ರುಡಾಲ್ಫ್ ವಿರ್ಖೋ ಹುಟ್ಟಿದ್ದು 1821ರಲ್ಲಿ, ಆಗ ಪ್ರಷ್ಯಾ ರಾಜ್ಯಕ್ಕೆ ಸೇರಿದ್ದ ಒಂದು ಸಣ್ಣ ಊರಿನಲ್ಲಿ. ಮನೆಯಲ್ಲಿ ಹಣವಿರಲಿಲ್ಲ. ಸೈನ್ಯದ ವಿದ್ಯಾರ್ಥಿವೇತನದ ಮೇಲೆ ಬರ್ಲಿನ್ನಿನಲ್ಲಿ ವೈದ್ಯಕೀಯ ಓದಿದರು. ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಅವರ ಹೆಸರು ಚಿರಪರಿಚಿತ. ಕಾಯಿಲೆ ಬೀಳುವುದು ಇಡೀ ದೇಹವಲ್ಲ, ದೇಹದ ಜೀವಕೋಶಗಳು ಎಂದು ತೋರಿಸಿದವರು ಅವರು. ರಕ್ತದ ಕ್ಯಾನ್ಸರಿಗೆ ‘ಲ್ಯುಕೀಮಿಯಾ’ ಎಂಬ ಹೆಸರು ಕೊಟ್ಟವರು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಹರಿದು ಬಂದು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುವುದನ್ನು ವಿವರಿಸಿದವರು ಕೂಡ ಅವರೇ.

1848ರ ಫೆಬ್ರುವರಿಯಲ್ಲಿ ಪ್ರಷ್ಯಾದ ಸರ್ಕಾರ 26 ವರ್ಷದ ಈ ತರುಣ ವೈದ್ಯನನ್ನು ಮೇಲಿನ ಸೈಲೀಸಿಯಾ ಎಂಬ ಗಡಿಪ್ರಾಂತ್ಯಕ್ಕೆ ಕಳಿಸಿತು. ಅಲ್ಲಿ ಬರಗಾಲ ಬಿದ್ದು, ಅದರ ಬೆನ್ನಿಗೇ ಟೈಫಸ್ ಜ್ವರ ಹಬ್ಬಿ ಸಾವಿರಾರು ಜನ ಸಾಯುತ್ತಿದ್ದರು. (ಇದು ನಮಗೆ ಗೊತ್ತಿರುವ ಟೈಫಾಯಿಡ್ ಅಲ್ಲ, ಹೇನಿನಿಂದ ಹರಡುವ ಬೇರೆಯೇ ಜ್ವರ. ಹೇನಿನ ಪಾತ್ರ ಅಂದು ಯಾರಿಗೂ ತಿಳಿದಿರಲಿಲ್ಲ.) ವಿರ್ಖೋ ಸುಮಾರು ಮೂರು ವಾರ ಅಲ್ಲಿದ್ದು ಗುಡಿಸಲು ಗುಡಿಸಲು ಹೊಕ್ಕು ನೋಡಿದರು.

ಸರ್ಕಾರ ಔಷಧದ ಪಟ್ಟಿಯೊಂದನ್ನು ನಿರೀಕ್ಷಿಸಿದ್ದಿರಬೇಕು. ವಿರ್ಖೋ ಕೊಟ್ಟ ವರದಿಯೇ ಬೇರೆ. ಜನ ಹಸಿದಿದ್ದಾರೆ, ಕತ್ತಲೆ ಕೋಣೆಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದಾರೆ, ದುಡಿದದ್ದು ಜಮೀನ್ದಾರರ ಪಾಲಾಗುತ್ತಿದೆ. ಆಡುವ ಮಾತು ಪೋಲಿಷ್, ಆಳುವ ಅಧಿಕಾರಿಗಳ ಭಾಷೆ ಜರ್ಮನ್. ಆದ್ದರಿಂದ ಇಲ್ಲಿಗೆ ಬೇಕಾದ ಮದ್ದು ಮಾತೃಭಾಷೆಯಲ್ಲಿ ಶಿಕ್ಷಣ, ರಸ್ತೆ, ಬೇಸಾಯದ ಸುಧಾರಣೆ, ಬಡವರ ಮೇಲಿನ ತೆರಿಗೆಯ ಇಳಿಕೆ, ಮತ್ತು ಜನ ತಮ್ಮನ್ನು ತಾವೇ ಆಳಿಕೊಳ್ಳುವ ಹಕ್ಕು. ಜ್ವರಕ್ಕೆ ಸ್ವರಾಜ್ಯವನ್ನು ಬರೆದುಕೊಟ್ಟ ಚೀಟಿ ಅದು!

ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ಬರ್ಲಿನ್ನಿನಲ್ಲಿ ಕ್ರಾಂತಿಯಾಯಿತು. ವಿರ್ಖೋ ಅದರ ಜೊತೆ ನಿಂತರು, ವೈದ್ಯಕೀಯ ಸುಧಾರಣೆಗೆಂದೇ ಒಂದು ವಾರಪತ್ರಿಕೆ ನಡೆಸಿದರು. ವೈದ್ಯರು ಬಡವರ ಸಹಜ ವಕೀಲರು, ರಾಜಕೀಯವೆಂದರೆ ದೊಡ್ಡ ಪ್ರಮಾಣದ ವೈದ್ಯಕೀಯವೇ ಎಂಬುದು ಅವರ ವಾದ. ಕ್ರಾಂತಿ ಸೋತಿತು. 1849ರಲ್ಲಿ ವಿರ್ಖೋ ಬರ್ಲಿನ್ ಬಿಟ್ಟು ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಹೋಗಬೇಕಾಯಿತು. ಏಳು ವರ್ಷ ರಾಜಕೀಯದಿಂದ ದೂರ ಉಳಿದು ಸೂಕ್ಷ್ಮದರ್ಶಕದ ಮುಂದೆ ಕುಳಿತರು. 1856ರಲ್ಲಿ ಬರ್ಲಿನ್ ಅವರನ್ನು ಮತ್ತೆ ಕರೆಸಿಕೊಂಡಿತು.

ಮೋರಿಗಾಗಿ ದುಡಿದ ಪ್ರೊಫೆಸರ್

1859ರಲ್ಲಿ ಅವರು ಬರ್ಲಿನ್ ನಗರಸಭೆಗೆ ಆಯ್ಕೆಯಾದರು. 1861ರಲ್ಲಿ ಗೆಳೆಯರೊಡನೆ ಸೇರಿ ಪ್ರಗತಿ ಪಕ್ಷ ಕಟ್ಟಿದರು, 1862ರಿಂದ ಪ್ರಷ್ಯಾದ ಶಾಸನಸಭೆಯಲ್ಲಿ ಕುಳಿತರು. 1880ರಿಂದ 1893ರವರೆಗೆ ಜರ್ಮನಿಯ ಸಂಸತ್ತಿನ ಸದಸ್ಯರೂ ಆಗಿದ್ದರು. ಸೈನ್ಯದ ಖರ್ಚಿನ ಬಗ್ಗೆ ಅವರು ಎತ್ತಿದ ಪ್ರಶ್ನೆಗಳಿಂದ ಪ್ರಧಾನಿ ಬಿಸ್ಮಾರ್ಕ್ ಎಷ್ಟು ರೇಗಿದ್ದರೆಂದರೆ 1865ರಲ್ಲಿ ಅವರನ್ನು ದ್ವಂದ್ವಯುದ್ಧಕ್ಕೇ ಕರೆದರು! ವಿರ್ಖೋ ಒಲ್ಲೆ ಎಂದರು. ವಾದಕ್ಕೆ ವಾದವೇ ಉತ್ತರ ಎಂದು ನಂಬಿದವರಿಗೆ ಬೇರೆ ದಾರಿಯೂ ಇರಲಿಲ್ಲ.

ಸಂಸತ್ತಿನ ಸ್ಥಾನ ಬಂತು, ಹೋಯಿತು. ಆದರೆ ನಗರಸಭೆಯ ಸ್ಥಾನವನ್ನು ಅವರು ಬಿಡಲಿಲ್ಲ. ಲೋಕಪ್ರಸಿದ್ಧ ಪ್ರೊಫೆಸರರು 1902ರಲ್ಲಿ ಸಾಯುವವರೆಗೆ, ನಾಲ್ವತ್ತಕ್ಕೂ ಹೆಚ್ಚು ವರ್ಷ, ನಗರಸಭೆಯ ಸದಸ್ಯರಾಗಿಯೇ ಉಳಿದರು. ಓದುಗರೇ, ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ನಮ್ಮಲ್ಲಿ ಪಾಲಿಕೆಯ ಸದಸ್ಯತ್ವವೆಂದರೆ ಶಾಸಕರಾಗಲು ಹತ್ತುವ ಮೊದಲ ಮೆಟ್ಟಿಲು. ವಿರ್ಖೋ ಅವರಿಗೆ ಅದೇ ಮುಖ್ಯ ಕೆಲಸವಾಗಿತ್ತು.

ಏಕೆಂದರೆ ಮೋರಿ ಇದ್ದದ್ದು ಅಲ್ಲಿಯೇ. 1871ರ ವೇಳೆಗೆ ಬರ್ಲಿನ್ನಿನ ಜನಸಂಖ್ಯೆ ಎಂಟು ಲಕ್ಷ ದಾಟಿತ್ತು. ರಸ್ತೆಯ ಎರಡೂ ಬದಿ ತೆರೆದ ಗಟಾರಗಳು, ಅವುಗಳಲ್ಲಿ ಮನೆಮನೆಯ ಹೊಲಸು. ಗಾಡಿಗಳಲ್ಲಿ ತುಂಬಿ ಸಾಗಿಸಿದರೆ ಸಾಕು ಎಂದು ಕೆಲವರು, ನೆಲದೊಳಗೆ ಕೊಳವೆ ಹಾಕಬೇಕು ಎಂದು ಕೆಲವರು. ವಿರ್ಖೋ ಮುಂದಾಳತ್ವದ ಸಮಿತಿ ಸಾವಿನ ಲೆಕ್ಕ, ಅಂತರ್ಜಲದ ಮಟ್ಟ ಎಲ್ಲವನ್ನೂ ವರ್ಷಗಟ್ಟಲೆ ಪರಿಶೀಲಿಸಿ ಒಳಚರಂಡಿಯ ಪರವಾಗಿ ವರದಿ ಕೊಟ್ಟಿತು. 1870ರ ದಶಕದಲ್ಲಿ ಇಂಜಿನಿಯರ್ ಜೇಮ್ಸ್ ಹೋಬ್ರೆಕ್ಟ್ ಅವರ ಯೋಜನೆಯಂತೆ ಕೆಲಸ ಆರಂಭವಾಯಿತು. ನಗರವನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದ ಹೊಲಸನ್ನು ಪಂಪಿನಿಂದ ಊರಾಚೆಯ ಹೊಲಗಳಿಗೆ ಸಾಗಿಸುವ ಯೋಜನೆ ಅದು.

ಇದರ ಜೊತೆಗೆ ಕಸಾಯಿಖಾನೆಯಲ್ಲಿ ಮಾಂಸದ ಪರೀಕ್ಷೆ. ಹಂದಿಮಾಂಸದಲ್ಲಿರುವ ಸಣ್ಣ ಹುಳು ಮನುಷ್ಯರಿಗೆ ಹೇಗೆ ಕಾಯಿಲೆ ತರುತ್ತದೆಂದು ತಿಳಿಸಿಕೊಟ್ಟವರಲ್ಲಿ ವಿರ್ಖೋ ಒಬ್ಬರು. ಪ್ರಯೋಗಾಲಯದಲ್ಲಿ ಕಂಡದ್ದನ್ನು ಅವರು ಸಭೆಯಲ್ಲಿ ಕಾನೂನಾಗುವವರೆಗೆ ಬೆನ್ನಟ್ಟಿದರು. ನಗರಕ್ಕೆ ಸಾರ್ವಜನಿಕ ಆಸ್ಪತ್ರೆಗಳು ಬರಲೂ ಶ್ರಮಿಸಿದರು. ಆಸ್ಪತ್ರೆ ಬೇಡವೆಂದಲ್ಲ. ಆಸ್ಪತ್ರೆಯ ಜೊತೆಗೇ ಮೋರಿ, ನೀರು, ಮಾಂಸದ ಅಂಗಡಿ ಮೂರನ್ನೂ ಒಂದೇ ಕಣ್ಣಿನಿಂದ ನೋಡಿದರು.

ತಪ್ಪನ್ನೂ ಹೇಳಬೇಕು

ವಿರ್ಖೋ ದೇವರಲ್ಲ. ಹೆರಿಗೆ ಮಾಡಿಸುವ ವೈದ್ಯರು ಕೈ ತೊಳೆದರೆ ಬಾಣಂತಿಯರ ಸಾವು ತಗ್ಗುತ್ತದೆಂದು ವಿಯೆನ್ನಾದ ಸೆಮ್ಮೆಲ್‌ವೈಸ್ ತೋರಿಸಿಕೊಟ್ಟಾಗ ವಿರ್ಖೋ ಅವರ ಬೆಂಬಲ ಸಿಗಲಿಲ್ಲ. ಕಾಯಿಲೆಗೆ ಕಾರಣ ರೋಗಾಣು ಎಂದು ರಾಬರ್ಟ್ ಕಾಖ್ ಹೇಳಿದ್ದನ್ನು ಬಹುಕಾಲ ಅನುಮಾನದಿಂದಲೇ ನೋಡಿದರು. ಬಡತನವೇ ಕಾರಣ ಎಂದು ನಂಬಿದವರಿಗೆ, ಕಣ್ಣಿಗೆ ಕಾಣದ ಜೀವಿಯೂ ಕಾರಣವೆಂದು ಒಪ್ಪುವುದು ಕಷ್ಟವಾಯಿತು.

ಕಾಖ್ ಹೇಳಿದ್ದು ಸರಿಯೆಂದು 1892ರಲ್ಲಿ ಹ್ಯಾಂಬರ್ಗ್ ನಗರ ಕಲಿಯಿತು. ಅಲ್ಲಿ ಒಳಚರಂಡಿ ಮೊದಲೇ ಇತ್ತು. ಆದರೆ ನದಿಯ ನೀರನ್ನು ಮರಳಿನಲ್ಲಿ ಶೋಧಿಸದೆ ಹಾಗೆಯೇ ನಳಕ್ಕೆ ಬಿಡುತ್ತಿದ್ದರು. ಕಾಲರಾ ಬಂದು ಸುಮಾರು 8,600 ಜನ ಸತ್ತರು. ಪಕ್ಕಕ್ಕೇ ಅಂಟಿಕೊಂಡಿದ್ದ ಆಲ್ಟೋನಾ ಊರಿನವರು ಅದೇ ನದಿಯ ನೀರನ್ನು ಶೋಧಿಸಿ ಕುಡಿಯುತ್ತಿದ್ದರಿಂದ ಬಹುಮಟ್ಟಿಗೆ ಪಾರಾದರು. ಹೊಲಸು ಹೊರಗೆ ಹೋಗಬೇಕು, ಒಳಗೆ ಬರುವ ನೀರೂ ಶುದ್ಧವಾಗಿರಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಪ್ರಯೋಜನವಿಲ್ಲ.

ಪಾಂಡಿತ್ಯವಿದ್ದ ಮಾತ್ರಕ್ಕೆ ರಾಜಕೀಯದಲ್ಲಿ ಎಲ್ಲವೂ ಸಾಧ್ಯವಾಗುವುದಿಲ್ಲ ಎಂಬುದೂ ನಿಜ. ಕೊಲೋನ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯ ಅರ್ಥಶಾಸ್ತ್ರದ ಪ್ರೊಫೆಸರರಾಗಿದ್ದ ಡಾ. ಕಾರ್ಲ್ ಲಾಟರ್‌ಬಾಖ್ 2021ರ ಡಿಸೆಂಬರಿನಲ್ಲಿ ಜರ್ಮನಿಯ ಆರೋಗ್ಯ ಸಚಿವರಾದರು. ಕೋವಿಡ್ ಲಸಿಕೆಯನ್ನು ಕಡ್ಡಾಯ ಮಾಡಬೇಕೆಂಬುದು ಅವರ ನಿಲುವು. 60 ವರ್ಷ ದಾಟಿದವರಿಗಾದರೂ ಆಗಲಿ ಎಂದು ತಂದ ಪ್ರಸ್ತಾಪವನ್ನೂ 2022ರ ಏಪ್ರಿಲಿನಲ್ಲಿ ಸಂಸತ್ತು ತಳ್ಳಿಹಾಕಿತು. ತಿಳಿದಿರುವುದು ಒಂದು, ಜನರನ್ನು ಒಪ್ಪಿಸುವುದು ಇನ್ನೊಂದು. ಡಾಕ್ಟರರು ರಾಜಕೀಯಕ್ಕೆ ಬಂದಾಗ ಹೇಳುವ ಅಭ್ಯಾಸದ ಜೊತೆಗೆ ಕೇಳುವ ಅಭ್ಯಾಸವನ್ನೂ ತರಬೇಕು.

ಮತ್ತೆ ನಮ್ಮ ಊರಿಗೆ

ಇರಲಿ, ಈಗ ಕಲಬುರಗಿಯ ಲೆಕ್ಕ ನೋಡೋಣ. ಆಸ್ಪತ್ರೆಗಳ ವಿಷಯದಲ್ಲಿ ನಮ್ಮ ರಾಜಕಾರಣಿಗಳು ಏನೂ ಮಾಡಿಲ್ಲ ಎನ್ನುವುದು ಅನ್ಯಾಯ. ಗುಲಬರ್ಗಾದ ಸಂಸದರಾಗಿದ್ದ ಮಹಾದೇವಪ್ಪ ರಾಂಪುರೆಯವರು 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು, 1963ರಲ್ಲಿ ಅದರ ವೈದ್ಯಕೀಯ ಕಾಲೇಜು ಬಂತು. ಆ ಬಳಿಕ ಇ.ಎಸ್.ಐ. ವೈದ್ಯಕೀಯ ಕಾಲೇಜು ಬಂತು, ಸರ್ಕಾರದ ಜಿಮ್ಸ್ ಬಂತು. 2024ರ ಡಿಸೆಂಬರಿನಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ ತೆರೆಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯನ್ನು ನೆನಪಿಸುವ ಸಂಖ್ಯೆ ಅದು. ಹೃದಯಾಘಾತವಾದವರನ್ನು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೊತ್ತುಕೊಂಡು ಓಡಿದ ಮನೆಗಳಿಗೆ ಇದರ ಬೆಲೆ ಗೊತ್ತು.

ಆದರೆ ಆಸ್ಪತ್ರೆಗೆ ಬರುವವರ ಸಾಲು ಎಲ್ಲಿಂದ ಶುರುವಾಗುತ್ತದೆ? ನಮ್ಮಲ್ಲೂ ವಿರ್ಖೋ ಹಾಗೆ ಎಣಿಸಿ ನೋಡಿದ ಒಬ್ಬ ಪ್ರೊಫೆಸರರಿದ್ದರು. ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳು 39. ಅವುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದಲ್ಲಿಯೇ ಇದ್ದವು. ಹಿಂದುಳಿದ ನಾಡಿನ ಕಾಯಿಲೆಗಳೂ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಇಡೀ ಕರ್ನಾಟಕದಲ್ಲೇ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ.

ಹುಮನಾಬಾದ್ ರಸ್ತೆಯ ಕಮಲಾಪುರವನ್ನೇ ತೆಗೆದುಕೊಳ್ಳಿ. ಕೆಂಪು ಬಾಳೆಗೆ ಹೆಸರಾದ ಊರು. ಜಿಲ್ಲೆಗೆ ತೊಗರಿಯ ಕಣಜವೆಂಬ ಹೆಸರು ಬೇರೆ. ಆದರೆ ಆ ತೊಗರಿ ಕೊಯ್ಯುವ ಕೂಲಿ ಹೆಣ್ಣುಮಗಳ ತಾಟಿನಲ್ಲಿ ಬೇಳೆ ಎಷ್ಟು, ನೀರು ಎಷ್ಟು? ಬಸುರಿಯಾದಾಗ ಅವಳಿಗೆ ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ, ಕೊಡಲೇಬೇಕು. ಆದರೆ ಮಾತ್ರೆಯ ಜೊತೆಗೆ ಕೂಲಿ, ಪಡಿತರ, ಅಂಗನವಾಡಿಯ ಊಟ ಸರಿಯಿರದಿದ್ದರೆ ಅಷ್ಟು ಮಾತ್ರೆ ನುಂಗಿದರೂ ಅವಳ ಮುಖಕ್ಕೆ ಕೆಂಪು ಬಾರದು. ಇನ್ನು ತಾಂಡಾದಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು, ಹಳ್ಳಿಯಲ್ಲಿ ಕನ್ನಡ. ಔಷಧದ ಚೀಟಿ ಮಾತ್ರ ಇಂಗ್ಲಿಷಿನಲ್ಲಿ. ಸೈಲೀಸಿಯಾದ ಕಥೆ ಬಹಳ ದೂರದ್ದೇನಲ್ಲ.

ಅಜ್ಜಿಯ ನೀರಿನ ಪ್ರಶ್ನೆಗೆ ಬರುತ್ತೇನೆ. ಕೆಲವು ದಿನಕ್ಕೊಮ್ಮೆ ಕೆಲವೇ ಗಂಟೆ ನೀರು ಬಿಟ್ಟರೆ ಉಳಿದ ಹೊತ್ತೆಲ್ಲ ಪೈಪು ಖಾಲಿ. ಖಾಲಿ ಪೈಪಿನಲ್ಲಿ ಒತ್ತಡವಿರುವುದಿಲ್ಲ. ಎಲ್ಲಿ ತೂತು ಇದೆಯೋ ಅಲ್ಲಿಂದ ಸುತ್ತಲಿನ ಗಟಾರದ ನೀರು ಒಳಕ್ಕೆ ನುಗ್ಗುತ್ತದೆ. ಮತ್ತೆ ನೀರು ಬಿಟ್ಟಾಗ ಅದೆಲ್ಲ ನೇರವಾಗಿ ನಿಮ್ಮ ಕೊಡಕ್ಕೆ. ಯಾವಾಗ ಬರುತ್ತದೋ ಗೊತ್ತಿಲ್ಲವೆಂದು ಡ್ರಮ್ಮು, ಹಂಡೆಗಳಲ್ಲಿ ತುಂಬಿಟ್ಟರೆ ಅಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ವಾಂತಿ-ಭೇದಿ, ಡೆಂಗಿ ಎರಡಕ್ಕೂ ಮೂಲ ಒಂದೇ. ಪೈಪಿನಲ್ಲಿ ದಿನವಿಡೀ ಒತ್ತಡವಿದ್ದರೆ ಎರಡೂ ತಗ್ಗುತ್ತವೆ.

ಇದು ಕನಸಲ್ಲ. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳ ಜೊತೆಗೆ ನಮ್ಮ ಊರಿನ ಆಯ್ದ ವಾರ್ಡುಗಳಲ್ಲೂ ದಿನದ 24 ಗಂಟೆ ನೀರು ಕೊಟ್ಟು ತೋರಿಸಲಾಗಿತ್ತು. ಕೆಲವು ವಾರ್ಡುಗಳಲ್ಲಿ ಸಾಧ್ಯವಾದದ್ದು ಎಲ್ಲ ವಾರ್ಡುಗಳಲ್ಲೂ ಸಾಧ್ಯ. ಬೇಕಾದದ್ದು ಬೆನ್ನು ಬಿಡದೆ ಕೇಳುವ ಸದಸ್ಯರು, ಬರ್ಲಿನ್ನಿನಲ್ಲಿ ಇದ್ದಂತೆ.

ಹೊಸ ಕಾಯಿಲೆಯೂ ಇದೇ ಪಾಠ ಹೇಳುತ್ತದೆ. ದೇಶದಲ್ಲಿ ಕೋವಿಡ್‌ನಿಂದ ಮೊದಲ ಸಾವು ದಾಖಲಾದದ್ದು 2020ರ ಮಾರ್ಚಿನಲ್ಲಿ, ಈ ನಮ್ಮ ಕಲಬುರಗಿಯಲ್ಲೇ. ಆಗ ನಮ್ಮನ್ನು ಕಾಯಬೇಕಾದದ್ದು ಆಪರೇಷನ್ ಕೋಣೆಯಷ್ಟೇ ಆಗಿರಲಿಲ್ಲ. ಗಾಳಿ ಬೆಳಕಿನ ಮನೆ, ಕೈ ತೊಳೆಯಲು ನೀರು, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ, ಜನರ ಮಾತಿನಲ್ಲಿ ಹೇಳುವ ಎಚ್ಚರಿಕೆ ಇವೂ ಬೇಕಾಗಿದ್ದವು. ಇವಾವುವೂ ಆಸ್ಪತ್ರೆಯ ಗೋಡೆಯೊಳಗೆ ತಯಾರಾಗುವುದಿಲ್ಲ.

ನಮ್ಮ ಕೋಟೆಯ ಸುತ್ತ ಬಹಮನಿ ಅರಸರು ಅಗಲವಾದ ಕಂದಕ ತೋಡಿಸಿದ್ದರು, ವೈರಿ ಒಳಗೆ ಬರಬಾರದೆಂದು. ಹೊರಗೆ ತಡೆಯಬೇಕಾದ್ದನ್ನು ಹೊರಗೇ ತಡೆಯಬೇಕು ಎಂಬ ಬುದ್ಧಿ ಅದು. ರೋಗದ ವಿಷಯದಲ್ಲೂ ಅದೇ ನ್ಯಾಯ. ವೈರಿ ಅಂಗಳಕ್ಕೆ ಬಂದ ಮೇಲೆ ಹೋರಾಡುವುದು ಆಸ್ಪತ್ರೆಯ ಕೆಲಸ. ಅಂಗಳಕ್ಕೆ ಬಾರದಂತೆ ನೋಡಿಕೊಳ್ಳುವುದು ಆಡಳಿತದ ಕೆಲಸ.

ನೀವು ಮಾಡಬಹುದಾದದ್ದು

ಮುಂದಿನ ಚುನಾವಣೆಯಲ್ಲಿ ನಿಮ್ಮ ಮನೆ ಬಾಗಿಲಿಗೆ ಬರುವ ಅಭ್ಯರ್ಥಿಯನ್ನು, ಅವರು ಡಾಕ್ಟರಾಗಿರಲಿ ಅಲ್ಲದಿರಲಿ, ಮೂರು ಪ್ರಶ್ನೆ ಕೇಳಿ. ನಮ್ಮ ಓಣಿಯ ನೀರನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ, ಫಲಿತಾಂಶ ಎಲ್ಲಿ ಹಚ್ಚಿದ್ದೀರಿ? ಗಟಾರದೊಳಗಿನ ಪೈಪನ್ನು ಯಾವ ತಿಂಗಳು ಬದಲಿಸುತ್ತೀರಿ? ನಮ್ಮ ಅಂಗನವಾಡಿಯಲ್ಲಿ ತೂಕ ಕಡಿಮೆಯಿರುವ ಮಕ್ಕಳೆಷ್ಟು? ಡಾಕ್ಟರ್ ಅಭ್ಯರ್ಥಿಯಾದರೆ ಈ ಪ್ರಶ್ನೆಗಳ ಅರ್ಥ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರು ನುಣುಚಿಕೊಳ್ಳುವಂತೆಯೂ ಇಲ್ಲ.

ಅಲ್ಲಿಯವರೆಗೆ ಮನೆಯ ಎಚ್ಚರಿಕೆ ಬಿಡಬೇಡಿ. ನೀರು ಬಂದ ಕೂಡಲೇ ಮೊದಲ ಕೆಲವು ನಿಮಿಷದ ನೀರನ್ನು ಕುಡಿಯಲು ಹಿಡಿಯಬೇಡಿ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಡಿ. ಡ್ರಮ್ಮನ್ನು ವಾರಕ್ಕೊಮ್ಮೆ ಉಜ್ಜಿ ಒಣಗಿಸಿ. ಮಗುವಿಗೆ ಭೇದಿಯಾದರೆ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ ಕೊಡಿ. ಅದು ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಸಾಕು. ಚಮಚವೆಂದರೆ ಚಹಾದ ಚಮಚ. ಉಪ್ಪು ಹೆಚ್ಚಾಗದಂತೆ ನೋಡಿಕೊಳ್ಳಿ. ಎದೆಹಾಲು, ಊಟ ನಿಲ್ಲಿಸಬೇಡಿ. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಮಲಗಿದರೆ ತಡಮಾಡದೆ ಡಾಕ್ಟರರ ಬಳಿ ಒಯ್ಯಿರಿ.

ವಿರ್ಖೋ ಸತ್ತದ್ದು 80ನೆಯ ವಯಸ್ಸಿನಲ್ಲಿ. ಚಲಿಸುತ್ತಿದ್ದ ಟ್ರಾಮ್ ಗಾಡಿಯಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿಯಿತು, ಮತ್ತೆ ಚೇತರಿಸಿಕೊಳ್ಳಲಿಲ್ಲ. ಅವರ ಜೀವಕೋಶದ ಸಿದ್ಧಾಂತ ಇಂದು ಎಲ್ಲ ವೈದ್ಯಕೀಯ ಕಾಲೇಜುಗಳಲ್ಲಿ ಪಾಠವಾಗುತ್ತದೆ, ನಮ್ಮ ಕಲಬುರಗಿಯ ಕಾಲೇಜುಗಳಲ್ಲೂ. ಮೋರಿಗಾಗಿ ನಾಲ್ಕು ದಶಕ ಸಭೆಯಲ್ಲಿ ಕುಳಿತ ಅವರ ಇನ್ನರ್ಧ ಬದುಕನ್ನು ಪಾಠ ಮಾಡುವವರು ಕಡಿಮೆ.

ಆ ಅಜ್ಜಿಯ ಮೊಮ್ಮಗ ಅಂದು ಗುಣವಾಗಿ ಮನೆಗೆ ಹೋದ. ಅಜ್ಜಿ ಕೇಳಿದ ಪ್ರಶ್ನೆ ಮಾತ್ರ ದವಾಖಾನೆಯಲ್ಲೇ ಉಳಿಯಿತು. ಅದನ್ನು ನಾನು ನಿಮ್ಮ ಕೈಗೆ ದಾಟಿಸುತ್ತಿದ್ದೇನೆ. ಓಟು ಕೇಳಲು ಬಂದವರ ಮುಂದೆ ಅದನ್ನೇ ಇಡಿ: ಔಷಧ ಛಲೋನೇ ಅದ, ಆದ್ರ ನೀರು ಅವೇ ಅಲ್ರಿ?